ಎಂಎಂಎಗಾಗಿ ಸಬ್ಮಿಷನ್ ಪಟ್ಟುಗಳನ್ನು ಕಲಿಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಜೊತೆಗಾರ ಸುಮ್ಮನೆ ಮಲಗಿದ್ದಾಗ, ತೋಳನ್ನು ಕಾಲುಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ಹಿಂದಕ್ಕೆ ಬಾಗಿಸುವ ಆರ್ಮ್‌ಬಾರ್ ಸರಿಯಾಗಿಯೇ ಕೂರುತ್ತದೆ, ಸ್ಪಾರಿಂಗ್ (ಅಭ್ಯಾಸದ ಕಾದಾಟ) ಆರಂಭವಾದ ಕೂಡಲೇ ಕೈ ಜಾರಿಹೋಗುತ್ತದೆ ಎಂಬ ದೂರು ಸಬ್ಮಿಷನ್, ಅಂದರೆ ಎದುರಾಳಿ ಸೋಲೊಪ್ಪುವಂತೆ ಮಾಡುವ ಪಟ್ಟುಗಳನ್ನು, ಕಲಿಯುವವರಿಂದ ಮತ್ತೆ ಮತ್ತೆ ಬರುತ್ತದೆ. ದೂರುವವರು ತಪ್ಪನ್ನು ಹುಡುಕುವುದು ಪಟ್ಟಿನ ಕೊನೆಯ ಬಿಗಿತದಲ್ಲಿ. ಆದರೆ ತಪ್ಪು ನಡೆದಿರುವುದು ಬಹುಮಟ್ಟಿಗೆ ಅದಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆ, ಎದುರಾಳಿಯ ಸೊಂಟ, ಭುಜ ಮತ್ತು ತಲೆ ಇನ್ನೂ ಸಲೀಸಾಗಿ ಚಲಿಸುತ್ತಿರುವಾಗಲೇ ಕೈಯನ್ನೋ ಕುತ್ತಿಗೆಯನ್ನೋ ಹಿಡಿಯಲು ಹೋದಾಗ. ಮಿಶ್ರ ಸಮರ ಕಲೆಯಲ್ಲಿ, ಅಂದರೆ ಎಂಎಂಎಯಲ್ಲಿ, ಗುದ್ದುಗಳೂ ಸೇರಿಕೊಳ್ಳುವುದರಿಂದ ಕ್ರಮ ತಪ್ಪಿದ ಪ್ರಯತ್ನಕ್ಕೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು. ಆದ್ದರಿಂದ ಇಲ್ಲಿ ಪಟ್ಟುಗಳ ಪಟ್ಟಿಗಿಂತ ಅವುಗಳನ್ನು ಕಲಿಯಬೇಕಾದ ಕ್ರಮಕ್ಕೆ ಹೆಚ್ಚಿನ ಜಾಗ ಕೊಡಲಾಗಿದೆ. ತರಬೇತುದಾರರ ಮೇಲ್ವಿಚಾರಣೆಯಿಲ್ಲದೆ ಇದನ್ನು ಓದಿಕೊಂಡು ಮನೆಯಲ್ಲಿ ಗೆಳೆಯರ ಮೇಲೆ ಪ್ರಯೋಗಿಸುವುದು ಸಲ್ಲದು.

ಬೇಕಾದ ಸಲಕರಣೆಗಳು

ಬೀಳುವಿಕೆಯನ್ನು ತಾಳಿಕೊಳ್ಳುವಷ್ಟು ದಪ್ಪನೆಯ, ಅಂಚುಗಳ ನಡುವೆ ಬಿರುಕಿಲ್ಲದ ಮ್ಯಾಟ್ ಮೊದಲ ಅಗತ್ಯ. ಎರಡು ಮ್ಯಾಟ್‌ಗಳ ನಡುವಿನ ಸಂದಿಯಲ್ಲಿ ಕಾಲ್ಬೆರಳು ಸಿಕ್ಕಿಕೊಂಡು ಮುರಿಯುವುದು ಅಪರೂಪವೇನಲ್ಲ. ಮೌತ್‌ಗಾರ್ಡ್, ಮೈಗೆ ಅಂಟಿಕೊಳ್ಳುವ ಅಂಗಿಯಾದ ರ‍್ಯಾಶ್‌ಗಾರ್ಡ್, ಜೇಬು ಮತ್ತು ಜಿಪ್ ಇಲ್ಲದ ಚಡ್ಡಿ, ಪುರುಷರಿಗೆ ಗ್ರೋಯಿನ್ ಗಾರ್ಡ್ ಇರಬೇಕು. ಜೇಬಿನೊಳಗೆ ಬೆರಳು ಸಿಕ್ಕಿದರೆ ಬೆರಳಿನ ಕೀಲು ಹೋಗುತ್ತದೆ.

ಬೆರಳು ತೆರೆದಿರುವ ಎಂಎಂಎ ಗ್ಲೌಸ್ ಮೊದಲ ದಿನವೇ ಬೇಕಾಗಿಲ್ಲ, ಆದರೆ ಐದನೆಯ ಹಂತಕ್ಕೆ ಬರುವಾಗ ಅದು ಕೈಯಲ್ಲಿರಬೇಕು. ಪಂದ್ಯಗಳಲ್ಲಿ ಸಾಮಾನ್ಯವಾಗಿ ಬಳಸುವುದು 4 ಔನ್ಸ್‌ನ ಗ್ಲೌಸ್; ಸ್ಪಾರಿಂಗ್‌ನವು ಅದಕ್ಕಿಂತ ದಪ್ಪ. ಬರಿಗೈಯಲ್ಲಿ ಕಲಿತ ಚೋಕ್ (ಕುತ್ತಿಗೆಯನ್ನು ಒತ್ತುವ ಪಟ್ಟು) ಗ್ಲೌಸ್ ತೊಟ್ಟ ಕೈಗೆ ಬರುವುದಿಲ್ಲ ಎಂಬುದನ್ನು ಅನೇಕರು ಪಂದ್ಯದ ದಿನ ಕಂಡುಕೊಳ್ಳುತ್ತಾರೆ.

ಕೈಕಾಲುಗಳ ಉಗುರು ಕತ್ತರಿಸಿರಬೇಕು. ಉಂಗುರ, ಓಲೆ, ಸರ ತೆಗೆದಿರಬೇಕು. ಚರ್ಮದ ಮೇಲೆ ಹುಳುಕಡ್ಡಿ, ಕೀವಿನ ಗುಳ್ಳೆ ಅಥವಾ ಕಾರಣ ತಿಳಿಯದ ಕೆಂಪು ಮಚ್ಚೆ ಕಂಡರೆ ವೈದ್ಯರು ಒಪ್ಪುವವರೆಗೂ ಮ್ಯಾಟ್ ಹತ್ತಬಾರದು, ಏಕೆಂದರೆ ಹಿಡಿದು ಸೆಣಸುವ ಗ್ರ್ಯಾಪ್ಲಿಂಗ್‌ನಲ್ಲಿ ಚರ್ಮಕ್ಕೆ ಚರ್ಮ ಉಜ್ಜುವುದರಿಂದ ಇಂಥ ಸೋಂಕು ಬಲುಬೇಗ ಹರಡುತ್ತದೆ.

ಹಂತ 1: ಟ್ಯಾಪ್ ಮಾಡುವುದನ್ನೂ ಟ್ಯಾಪ್ ಗುರುತಿಸುವುದನ್ನೂ ಕಲಿಯಿರಿ

ಎದುರಾಳಿಯ ಮೈಗೆ ಅಥವಾ ಮ್ಯಾಟ್‌ಗೆ ಕೈಯಿಂದ ಎರಡು ಮೂರು ಬಾರಿ ಸ್ಪಷ್ಟವಾಗಿ ತಟ್ಟಿ ಸೋಲೊಪ್ಪುವುದು ಟ್ಯಾಪ್. ಎರಡೂ ಕೈಗಳು ಸಿಕ್ಕಿಕೊಂಡಿದ್ದರೆ ಕಾಲಿನಿಂದ ಬಡಿಯಬಹುದು, ಬಾಯಿಂದ ‘ಟ್ಯಾಪ್’ ಎಂದು ಕೂಗಬಹುದು. ನೋವಿನಿಂದ ಚೀರಿದರೂ ಅದನ್ನು ಟ್ಯಾಪ್ ಎಂದೇ ಪರಿಗಣಿಸಿ ಬಿಡಬೇಕು. ಜೊತೆಗಾರರಿಗೆ ಕಾಣದ ಜಾಗದಲ್ಲಿ ಗಾಳಿಯಲ್ಲಿ ಕೈ ಆಡಿಸಿದರೆ ಪ್ರಯೋಜನವಿಲ್ಲ. ಅವರ ಮೈಗೇ ತಟ್ಟುವುದನ್ನು ರೂಢಿಸಿಕೊಳ್ಳಿ.

ಹಿಡಿದವರ ಹೊಣೆ ಇದಕ್ಕಿಂತ ದೊಡ್ಡದು. ಪಟ್ಟು ಕೂತ ಮೇಲೆ ಒತ್ತಡವನ್ನು ನಿಧಾನವಾಗಿ ಏರಿಸಬೇಕು, ಜರ್ಕ್ ಕೊಡಬಾರದು, ಟ್ಯಾಪ್ ಸಿಕ್ಕ ಕ್ಷಣದಲ್ಲೇ ಬಿಡಬೇಕು, ಜೊತೆಗಾರರ ಮೈ ಸಡಿಲವಾದಂತೆ ಅನಿಸಿದರೆ ಟ್ಯಾಪ್‌ಗೆ ಕಾಯದೆ ಬಿಡಬೇಕು. ಸರಿಯಾಗಿ ಕೂತ ಚೋಕ್ ಸುಮಾರು ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಿಸಬಲ್ಲದು. ‘ಇನ್ನೊಂದು ಕ್ಷಣ ತಡೆದು ನೋಡೋಣ’ ಎಂಬ ಹಟಕ್ಕೆ ಅಭ್ಯಾಸದಲ್ಲಿ ಜಾಗವಿಲ್ಲ.

ಹಂತ 2: ನೆಲದ ಮೇಲಿನ ಮೂಲ ಚಲನೆಗಳು

ನಾಲ್ಕು ಚಲನೆಗಳು ಸಾಕು: ತಲೆಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೂ ಪಕ್ಕಕ್ಕೂ ಬೀಳುವುದು, ಬೆನ್ನ ಮೇಲೆ ಮಲಗಿ ಸೊಂಟವನ್ನು ಮೇಲಕ್ಕೆತ್ತಿ ಒಂದು ಭುಜದ ಮೇಲೆ ಹೊರಳುವ ಬ್ರಿಡ್ಜ್, ಪಕ್ಕಕ್ಕೆ ತಿರುಗಿ ಸೊಂಟವನ್ನು ದೂರ ಸರಿಸುವ ಶ್ರಿಂಪ್, ಮತ್ತು ಒಂದು ಕೈಯಿಂದ ಮುಖ ಕಾಪಾಡುತ್ತ ಇನ್ನೊಂದು ಕೈಯ ಆಧಾರದ ಮೇಲೆ ಏಳುವ ಟೆಕ್ನಿಕಲ್ ಸ್ಟ್ಯಾಂಡ್‌ಅಪ್. ಇವು ಬೇಸರದ ಅಭ್ಯಾಸಗಳೇ ಸರಿ. ಆದರೂ ಮುಂದೆ ಬರುವ ಪ್ರತಿಯೊಂದು ಪಟ್ಟಿನಲ್ಲೂ ಬಲ ಹುಟ್ಟುವುದು ಸೊಂಟದಿಂದಲೇ.

ಹಂತ 3: ಸ್ಥಾನವನ್ನು ಹಿಡಿದಿಟ್ಟುಕೊಳ್ಳುವುದು

ಬೆನ್ನನ್ನು ಹಿಡಿಯುವ ಬ್ಯಾಕ್ ಕಂಟ್ರೋಲ್, ಎದೆಯ ಮೇಲೆ ಕೂರುವ ಮೌಂಟ್, ಪಕ್ಕದಿಂದ ಒತ್ತುವ ಸೈಡ್ ಕಂಟ್ರೋಲ್, ಒಂದು ಕಾಲು ಸಿಕ್ಕಿಕೊಂಡಿರುವ ಹಾಫ್ ಗಾರ್ಡ್, ಎರಡು ಕಾಲುಗಳ ನಡುವೆ ಎದುರಾಳಿಯನ್ನು ಇರಿಸಿಕೊಳ್ಳುವ ಗಾರ್ಡ್: ಎಂಎಂಎಗೆ ಇವುಗಳ ಪ್ರಾಮುಖ್ಯವೂ ಸರಿಸುಮಾರು ಇದೇ ಕ್ರಮದಲ್ಲಿದೆ. ಮೇಲಿರುವವರ ಗುದ್ದಿಗೆ ದೇಹದ ತೂಕವೂ ಸೇರುತ್ತದೆ, ಕೆಳಗಿರುವವರ ಗುದ್ದಿಗೆ ತೋಳಿನ ಬಲ ಮಾತ್ರ ಇರುತ್ತದೆ. ಹಾಗಾಗಿ ಮೊದಲು ಮೇಲಿನಿಂದ ಹಾಕುವ ಪಟ್ಟುಗಳನ್ನೇ ಕಲಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈ ಹಂತದಲ್ಲಿ ಪಟ್ಟು ಹಾಕಲು ಹೋಗಲೇಬೇಡಿ. ಒಂದು ಸ್ಥಾನವನ್ನು ಆರಿಸಿಕೊಂಡು, ಜೊತೆಗಾರ ಪೂರ್ಣ ಬಲದಿಂದ ಕೊಸರಾಡುವಾಗ ಅಲ್ಲೇ ಒಂದು ನಿಮಿಷ ಉಳಿಯುವುದನ್ನು ಅಭ್ಯಾಸ ಮಾಡಿ. ಸೈಡ್ ಕಂಟ್ರೋಲ್‌ನಲ್ಲಿ ನಿಮ್ಮ ಭುಜ ಎದುರಾಳಿಯ ದವಡೆಯನ್ನು ಆಚೆಗೆ ತಿರುಗಿಸಿರಬೇಕು, ಏಕೆಂದರೆ ಮುಖ ಆಚೆ ತಿರುಗಿದವರು ಮೈಯನ್ನು ನಿಮ್ಮ ಕಡೆಗೆ ತಿರುಗಿಸಲಾರರು. ಮೌಂಟ್‌ನಲ್ಲಿ ನಿಮ್ಮ ಮಂಡಿಗಳು ಎದುರಾಳಿಯ ಕಂಕುಳಿನ ಕಡೆಗೆ ಏರಬೇಕು. ಸೊಂಟದ ಮೇಲೆಯೇ ಕೂತರೆ ಒಂದೇ ಬ್ರಿಡ್ಜ್‌ಗೆ ಉರುಳುತ್ತೀರಿ.

ಮುಂದಿನ ಹಂತಕ್ಕೆ ಸಿದ್ಧರಿಲ್ಲ ಎಂಬುದರ ಸೂಚನೆ ಸುಲಭವಾಗಿ ಸಿಗುತ್ತದೆ: ಮುಂಗೈ ಸ್ನಾಯುಗಳು ಮೊದಲು ಸೋಲುತ್ತಿದ್ದರೆ ನೀವು ತೂಕದಿಂದಲ್ಲ, ಕೈಬಲದಿಂದ ಹಿಡಿದಿದ್ದೀರಿ.

ಹಂತ 4: ಪಾರಾಗುವುದು

ಪ್ರತಿಯೊಂದು ಕೆಟ್ಟ ಸ್ಥಾನದಿಂದಲೂ ಒಂದಾದರೂ ಪಾರಾಗುವ ದಾರಿ ಗೊತ್ತಿರಬೇಕು. ಅದು ಗೊತ್ತಿಲ್ಲದವರು ಸ್ಥಾನ ಕಳೆದುಕೊಳ್ಳುವ ಭಯದಿಂದ ಪಟ್ಟನ್ನೇ ಹಾಕುವುದಿಲ್ಲ, ಇಲ್ಲವೇ ಅರ್ಧ ಹಾಕಿ ಬಿಟ್ಟುಬಿಡುತ್ತಾರೆ. ಮೌಂಟ್‌ನಿಂದ ಬ್ರಿಡ್ಜ್, ಸೈಡ್ ಕಂಟ್ರೋಲ್‌ನಿಂದ ಶ್ರಿಂಪ್, ಬೆನ್ನು ಹಿಡಿದಾಗ ಚೋಕ್ ಹಾಕುವ ಕೈಯನ್ನು ನಿಮ್ಮ ಎರಡೂ ಕೈಗಳಿಂದ ಹಿಡಿದುಕೊಂಡು ಬೆನ್ನನ್ನು ಮ್ಯಾಟ್‌ಗೆ ತಾಗಿಸುವುದು. ಆರಂಭಕ್ಕೆ ಇಷ್ಟು ಸಾಕು.

ಹಂತ 5: ಮೊದಲ ಪಟ್ಟು, ರೇರ್ ನೇಕೆಡ್ ಚೋಕ್

ಇದನ್ನೇ ಮೊದಲು ಕಲಿಯಬೇಕು. ನೀವು ಎದುರಾಳಿಯ ಬೆನ್ನ ಹಿಂದಿರುವುದರಿಂದ ಗುದ್ದು ಬೀಳುವ ಅಪಾಯ ತೀರಾ ಕಡಿಮೆ, ಚೋಕ್ ವಿಫಲವಾದರೂ ಸ್ಥಾನ ಉಳಿಯುತ್ತದೆ. ಕುತ್ತಿಗೆಯ ಎರಡೂ ಪಕ್ಕದ ಕ್ಯಾರೊಟಿಡ್ ರಕ್ತನಾಳಗಳನ್ನು ಒತ್ತಿ ಮಿದುಳಿಗೆ ಹೋಗುವ ರಕ್ತವನ್ನು ತಡೆಯುವುದು ಇದರ ಗುರಿ. ಮುಂಭಾಗದ ಶ್ವಾಸನಾಳವನ್ನು ಒತ್ತುವುದು ತಪ್ಪು: ಅದರಿಂದ ನೋವು ಮತ್ತು ಗಾಯವಾಗುತ್ತದೆಯೇ ಹೊರತು ಪಟ್ಟು ಬೇಗ ಮುಗಿಯುವುದಿಲ್ಲ.

1. ಒಂದು ಕೈಯನ್ನು ಎದುರಾಳಿಯ ಭುಜದ ಮೇಲಿನಿಂದ, ಇನ್ನೊಂದನ್ನು ಎದುರು ಬದಿಯ ಕಂಕುಳಿನ ಕೆಳಗಿನಿಂದ ತಂದು ಎದೆಯ ಮುಂದೆ ಜೋಡಿಸಿ. ಇದು ಸೀಟ್‌ಬೆಲ್ಟ್ ಹಿಡಿತ. ನಿಮ್ಮ ಎದೆಗೂ ಎದುರಾಳಿಯ ಬೆನ್ನಿಗೂ ನಡುವೆ ಸಂದಿ ಇರಬಾರದು.

2. ಎರಡೂ ಹಿಮ್ಮಡಿಗಳನ್ನು ಎದುರಾಳಿಯ ತೊಡೆಗಳ ಒಳಬದಿಗೆ ಹುಕ್ ಮಾಡಿ. ಪಾದಗಳನ್ನು ಒಂದರ ಮೇಲೊಂದು ಹೆಣೆಯಬೇಡಿ. ಹೆಣೆದ ಪಾದದ ಮೇಲೆ ಎದುರಾಳಿ ತನ್ನ ಕಾಲು ಹಾಕಿ ಒತ್ತಿದರೆ ನಿಮ್ಮ ಪಾದದ ಕೀಲೇ ಪಟ್ಟಿಗೆ ಸಿಗುತ್ತದೆ.

3. ಈಗ ಕೈಗಳ ಜಗಳ. ಎದುರಾಳಿ ನಿಮ್ಮ ಚೋಕ್ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳುವುದು ಖಚಿತ. ಕಂಕುಳಿನ ಕೆಳಗಿರುವ ಕೈಯಿಂದ ಒಂದು ಮಣಿಕಟ್ಟನ್ನು ಹಿಡಿದು ಕೆಳಕ್ಕೆ ತಳ್ಳಿ, ಸಾಧ್ಯವಾದರೆ ಆ ಕೈಯನ್ನು ನಿಮ್ಮ ಕಾಲಿನ ಕೆಳಗೆ ಸಿಕ್ಕಿಸಿ. ಎದುರಾಳಿಗೆ ಒಂದೇ ಕೈ ಉಳಿದ ಮೇಲೆ ಕೆಲಸ ಅರ್ಧ ಮುಗಿದಂತೆ.

4. ಚೋಕ್ ಕೈ ಎದುರಾಳಿಯ ಭುಜದ ಮೇಲೆ ತೆವಳಿಕೊಂಡು, ಗದ್ದದ ಕೆಳಗೆ ಹಾದು, ಆಚೆ ಭುಜವನ್ನು ತಲುಪಬೇಕು. ಮೊಣಕೈಯ ಮಡಿಕೆ ಸರಿಯಾಗಿ ಗದ್ದದ ನೇರಕ್ಕೆ ಬಂದಿದೆಯೇ ಎಂದು ನೋಡಿಕೊಳ್ಳಿ. ಮಡಿಕೆಯ ಬದಲು ಮುಂಗೈ ಎಲುಬು ಗಂಟಲ ಮೇಲೆ ಬಂದಿದ್ದರೆ ಕೈ ಇನ್ನೂ ಆಳಕ್ಕೆ ಹೋಗಿಲ್ಲ.

5. ಚೋಕ್ ಕೈಯ ಅಂಗೈಯನ್ನು ನಿಮ್ಮ ಇನ್ನೊಂದು ತೋಳಿನ ಬೈಸೆಪ್ಸ್ ಮೇಲೆ ಇರಿಸಿ, ಆ ಇನ್ನೊಂದು ಕೈಯನ್ನು ಎದುರಾಳಿಯ ತಲೆಯ ಹಿಂದೆ ಜಾರಿಸಿ. ಗ್ಲೌಸ್ ತೊಂದರೆ ಕೊಡುವುದು ಇಲ್ಲಿಯೇ. ಗೆಣ್ಣುಗಳ ಮೇಲಿನ ಮೆತ್ತೆ ತಲೆಗೂ ನಿಮ್ಮ ಎದೆಗೂ ನಡುವೆ ಸಿಕ್ಕಿ ನಿಲ್ಲುತ್ತದೆ, ಎದುರಾಳಿಗೆ ಆ ಕೈಯನ್ನು ಹಿಡಿದು ಕೀಳಲು ಸಮಯ ಸಿಗುತ್ತದೆ. ಬೆರಳುಗಳನ್ನು ನೇರವಾಗಿ ಚಾಚಿ, ಕೈಯನ್ನು ಅಂಚಿನ ಮೇಲೆ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಇಳಿಸಿ. ಅಷ್ಟಾದರೂ ಹೋಗದಿದ್ದರೆ ಎರಡೂ ಅಂಗೈಗಳನ್ನು ಭುಜದ ಹತ್ತಿರ ಒಂದಕ್ಕೊಂದು ಜೋಡಿಸಿ ಮುಗಿಸುವ ಚಿಕ್ಕ ಹಿಡಿತವನ್ನು ಬಳಸಿ.

6. ಒತ್ತಡ ಬರಬೇಕಾದದ್ದು ಬೆನ್ನಿನಿಂದ. ಎದೆಯುಬ್ಬಿಸಿ, ಎರಡೂ ಮೊಣಕೈಗಳನ್ನು ಹತ್ತಿರ ತಂದು ಕೆಳಕ್ಕೆ ಎಳೆಯಿರಿ. ನಿಮ್ಮ ತಲೆ ಎದುರಾಳಿಯ ತಲೆಗೆ ಒತ್ತಿಕೊಂಡಿರಲಿ. ತೋಳನ್ನು ಹಿಂಡಿ ಹಿಂಡಿ ಬಿಡುವುದಕ್ಕಿಂತ ಒಂದೇ ಸಮನೆ ಏರುವ ಒತ್ತಡ ಪರಿಣಾಮಕಾರಿ.

ಎದುರಾಳಿ ಗದ್ದವನ್ನು ಎದೆಗೆ ಒತ್ತಿಕೊಂಡರೆ ದವಡೆಯ ಮೇಲೆಯೇ ಹಿಂಡುವವರು ಬಹಳ. ಅಭ್ಯಾಸದಲ್ಲಿ ಇದು ಜೊತೆಗಾರರ ದವಡೆ, ಹಲ್ಲು ಮತ್ತು ಕುತ್ತಿಗೆಗೆ ಹಾನಿ ಮಾಡುತ್ತದೆ. ಕೈಯನ್ನು ಹಿಂತೆಗೆದು ಮತ್ತೆ ಮೂರನೆಯ ಹೆಜ್ಜೆಗೆ ಹೋಗಿ. ಪಂದ್ಯದಲ್ಲಿಯಾದರೆ ಪಕ್ಕದಿಂದ ಹಾಕುವ ಒಂದೆರಡು ಗುದ್ದುಗಳು ಗದ್ದವನ್ನು ತಾವೇ ಎತ್ತಿಸುತ್ತವೆ. ತಲೆಯ ಹಿಂಭಾಗಕ್ಕೆ ಹೊಡೆಯುವುದು ಮಾತ್ರ ನಿಯಮಬಾಹಿರ.

ಹಂತ 6: ಗಿಲೊಟಿನ್ ಮತ್ತು ಆರ್ಮ್ ಟ್ರಯಾಂಗಲ್

ಎದುರಾಳಿ ಕಾಲು ಹಿಡಿಯಲು ತಲೆ ತಗ್ಗಿಸಿ ನುಗ್ಗಿದಾಗ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವುದು ಗಿಲೊಟಿನ್. ಮಣಿಕಟ್ಟಿನ ಎಲುಬು ಗದ್ದದ ಕೆಳಗೆ ಬರಬೇಕು, ಎದೆ ಎದುರಾಳಿಯ ತಲೆಯ ಹಿಂಭಾಗವನ್ನು ಒತ್ತಬೇಕು, ಚೋಕ್ ಕೈಯ ಮೊಣಕೈ ಮೇಲಕ್ಕೆ ಏರಬೇಕು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಹಿಡಿತ ಪೂರ್ಣವಾಗುವ ಮೊದಲೇ ಬೆನ್ನ ಮೇಲೆ ಬಿದ್ದುಬಿಡುವುದು; ಆಗ ಚೋಕ್ ಹೋಗುತ್ತದೆ, ಎದುರಾಳಿ ಮೇಲಿರುತ್ತಾರೆ.

ಎರಡನೆಯ ತಪ್ಪು ಬಿಡಬೇಕಾದಾಗ ಬಿಡದಿರುವುದು. ಎದುರಾಳಿ ನಿಮ್ಮ ಕಾಲುಗಳನ್ನು ದಾಟಿ, ತಲೆ ಸಿಕ್ಕಿಕೊಂಡಿರುವ ಬದಿಗೆ ವಿರುದ್ಧವಾದ ಬದಿಗೆ ಬಂದ ಮೇಲೂ ಕುತ್ತಿಗೆಯನ್ನು ಹಿಡಿದೇ ಇದ್ದರೆ, ಅವರ ಭುಜ ನಿಮ್ಮ ಕುತ್ತಿಗೆಗೆ ಒತ್ತಿ ವಾನ್ ಫ್ಲೂ ಚೋಕ್‌ಗೆ ನೀವೇ ಸಿಕ್ಕಿಬೀಳುತ್ತೀರಿ. ಮುಂಗೈ ಉರಿಯತೊಡಗಿದರೂ ಎದುರಾಳಿ ನೆಮ್ಮದಿಯಾಗಿ ಉಸಿರಾಡುತ್ತಿದ್ದರೆ ಹಿಡಿತ ಬಿಟ್ಟು ಏಳುವುದೇ ಸರಿ. ಅದೇ ಮುಂಗೈ ಮುಂದಿನ ಸುತ್ತಿನಲ್ಲೂ ಬೇಕು.

ಆರ್ಮ್ ಟ್ರಯಾಂಗಲ್ ಮೌಂಟ್‌ನಿಂದ ಬರುತ್ತದೆ. ಎದುರಾಳಿ ನಿಮ್ಮನ್ನು ತಳ್ಳಲು ಕೈ ಚಾಚಿದಾಗ ಆ ತೋಳನ್ನು ಅವರದೇ ಕುತ್ತಿಗೆಯ ಮೇಲೆ ದಾಟಿಸಿ, ನಿಮ್ಮ ತಲೆಯನ್ನು ಆ ತೋಳಿಗೆ ಒತ್ತಿ, ಕುತ್ತಿಗೆಯ ಸುತ್ತ ಕೈ ಹಾಕಿ. ಕುತ್ತಿಗೆಯ ಒಂದು ಬದಿಯನ್ನು ನಿಮ್ಮ ಬೈಸೆಪ್ಸ್, ಇನ್ನೊಂದು ಬದಿಯನ್ನು ಎದುರಾಳಿಯ ಭುಜವೇ ಒತ್ತುತ್ತದೆ. ನಂತರ ಸಿಕ್ಕಿಕೊಂಡ ತೋಳಿನ ಬದಿಗೆ ಇಳಿದು, ಸೊಂಟವನ್ನು ನೆಲಕ್ಕೆ ತಗ್ಗಿಸಿ, ಎದುರಾಳಿಯ ತಲೆಯ ಕಡೆಗೆ ನಿಧಾನವಾಗಿ ನಡೆಯಿರಿ. ಮೌಂಟ್‌ನಲ್ಲೇ ಕೂತು ತೋಳಿನಿಂದ ಹಿಂಡುತ್ತಿದ್ದರೆ ಹೆಚ್ಚಿನವರ ಮೇಲೆ ಇದು ಕೂರುವುದಿಲ್ಲ.

ಹಂತ 7: ಕೀಲುಗಳ ಪಟ್ಟುಗಳು

ಮಡಚಿದ ತೋಳನ್ನು ತಿರುಚುವ ಅಮೆರಿಕಾನ ಮತ್ತು ಕಿಮುರಾ ಭುಜದ ಕೀಲಿನ ಮೇಲೂ ಆರ್ಮ್‌ಬಾರ್ ಮೊಣಕೈಯ ಕೀಲಿನ ಮೇಲೂ ಕೆಲಸ ಮಾಡುತ್ತವೆ. ಅಮೆರಿಕಾನದಲ್ಲಿ ಎದುರಾಳಿಯ ಮಣಿಕಟ್ಟು ಮ್ಯಾಟ್‌ಗೆ ಅಂಟಿಕೊಂಡೇ ಇರಬೇಕು. ಅವರ ಮೊಣಕೈಯನ್ನು ಸೊಂಟದ ಕಡೆಗೆ ಜಾರಿಸಿದ ಮೇಲೆ ಮೊಣಕೈಯನ್ನು ಮಾತ್ರ ಎತ್ತಬೇಕು. ಕಿಮುರಾದಲ್ಲಿ ಎದುರಾಳಿಯ ಮೊಣಕೈ 90 ಡಿಗ್ರಿಯಷ್ಟು ಮಡಚಿದ್ದು ನಿಮ್ಮ ಎದೆಗೆ ಒತ್ತಿಕೊಂಡಿರಬೇಕು, ತಿರುಗುವುದು ನಿಮ್ಮ ಇಡೀ ಮುಂಡವಾಗಿರಬೇಕು. ಕೈಗಳಿಂದ ಮಾತ್ರ ತಿರುಚುವವರು ತಮಗಿಂತ ಬಲಶಾಲಿಗಳ ಮೇಲೆ ಇದನ್ನು ಎಂದೂ ಮುಗಿಸಲಾರರು. ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಿ.

ಆರ್ಮ್‌ಬಾರ್ ತಪ್ಪುವುದಕ್ಕೆ ಕಾರಣಗಳು ಮೂರು. ನಿಮ್ಮ ಪೃಷ್ಠ ಎದುರಾಳಿಯ ಭುಜದಿಂದ ದೂರವಿರುತ್ತದೆ, ಮಂಡಿಗಳು ಅಗಲವಾಗಿರುತ್ತವೆ, ಅಥವಾ ಎದುರಾಳಿಯ ಹೆಬ್ಬೆರಳು ಮೇಲ್ಮುಖವಾಗಿರುವುದಿಲ್ಲ. ಮೊದಲು ಮಂಡಿಗಳನ್ನು ಬಿಗಿಯಿರಿ, ಹಿಮ್ಮಡಿಗಳನ್ನು ಕೆಳಕ್ಕೆ ಒತ್ತಿ, ಎದುರಾಳಿಯ ಮಣಿಕಟ್ಟನ್ನು ಎದೆಗೆ ಅಪ್ಪಿಕೊಳ್ಳಿ, ಆಮೇಲಷ್ಟೇ ಸೊಂಟವನ್ನು ನಿಧಾನವಾಗಿ ಎತ್ತಿ. ಮೌಂಟ್‌ನಿಂದ ಆರ್ಮ್‌ಬಾರ್‌ಗೆ ಹೋಗುವುದೆಂದರೆ ಮೌಂಟ್ ಅನ್ನೇ ಪಣಕ್ಕಿಡುವುದು: ಕೈ ಜಾರಿದರೆ ನೀವು ಕೆಳಗೆ, ಗುದ್ದುವವರು ಮೇಲೆ. ಬೆರಳು, ಕಾಲ್ಬೆರಳುಗಳಂಥ ಚಿಕ್ಕ ಕೀಲುಗಳನ್ನು ತಿರುಚುವುದು ಎಂಎಂಎಯ ಏಕೀಕೃತ ನಿಯಮಗಳ ಪ್ರಕಾರ ಫೌಲ್.

ಹಂತ 8: ಕೆಳಗಿನಿಂದ ಹಾಕುವ ಟ್ರಯಾಂಗಲ್

ಎದುರಾಳಿಯ ಒಂದು ತೋಳು ಒಳಗೆ, ಒಂದು ತೋಳು ಹೊರಗೆ ಇರುವಾಗ ಕಾಲುಗಳಿಂದ ಕುತ್ತಿಗೆಯನ್ನು ಬಿಗಿಯುವ ಪಟ್ಟು ಇದು. ಮಂಡಿಯ ಹಿಂಬದಿ ಇನ್ನೊಂದು ಕಾಲಿನ ಪಾದದ ಕೀಲಿನ ಮೇಲೆ ಕೂರಬೇಕು. ಕಾಲ್ಬೆರಳುಗಳ ಮೇಲೆ ಕೂತರೆ ನಿಮ್ಮ ಪಾದಕ್ಕೇ ಪೆಟ್ಟು. ನೇರವಾಗಿ ಮಲಗಿ ತಲೆಯನ್ನು ಎಳೆಯುವ ಬದಲು ಸೊಂಟವನ್ನು ಪಕ್ಕಕ್ಕೆ ಸರಿಸಿ ಕೋನ ತೆಗೆದುಕೊಂಡರೆ ಅರ್ಧ ಬಲದಲ್ಲಿ ಚೋಕ್ ಕೂರುತ್ತದೆ.

ಎದುರಾಳಿ ನಿಮ್ಮನ್ನು ಎತ್ತತೊಡಗಿದರೆ, ಎತ್ತುವ ಬದಿಯ ಕಾಲನ್ನು ಒಳಗಿನಿಂದ ಕೈಹಾಕಿ ಹಿಡಿಯಿರಿ, ಆಗದಿದ್ದರೆ ಪಟ್ಟು ಬಿಟ್ಟು ಇಳಿಯಿರಿ. ಎತ್ತಿ ನೆಲಕ್ಕೆ ಬಡಿಯುವುದು ಎಂಎಂಎಯಲ್ಲಿ ನಿಯಮಬದ್ಧ. ಅಭ್ಯಾಸದಲ್ಲಿ ಹಾಗೆ ಬಡಿಯುವಂತಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ.

ಹಂತ 9: ಪ್ರತಿರೋಧವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು

ನಿಷ್ಕ್ರಿಯ ಜೊತೆಗಾರರಿಂದ ನೇರವಾಗಿ ಮುಕ್ತ ಸ್ಪಾರಿಂಗ್‌ಗೆ ಹಾರುವುದರಿಂದಲೇ ಹೆಚ್ಚಿನವರು ಸೋಲುತ್ತಾರೆ. ನಡುವೆ ಎರಡು ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ಜೊತೆಗಾರ ಮೊದಲೇ ಹೇಳಿಕೊಂಡ ಒಂದೇ ರಕ್ಷಣೆಯನ್ನು ಮಾಡುತ್ತಾರೆ, ಉದಾಹರಣೆಗೆ ಚೋಕ್ ಕೈಯನ್ನು ಹಿಡಿಯುವುದು ಮಾತ್ರ. ಎರಡನೆಯದು ಸ್ಥಾನಬದ್ಧ ಸ್ಪಾರಿಂಗ್: ಸೀಟ್‌ಬೆಲ್ಟ್ ಹಿಡಿತದಿಂದಲೇ ಎರಡು ಮೂರು ನಿಮಿಷದ ಸುತ್ತು ಆರಂಭವಾಗುತ್ತದೆ, ಎದುರಾಳಿ ಪಾರಾದರೆ ಅಥವಾ ಟ್ಯಾಪ್ ಮಾಡಿದರೆ ಮತ್ತೆ ಅಲ್ಲಿಂದಲೇ ಶುರು. ಮುಕ್ತ ಸ್ಪಾರಿಂಗ್‌ನಲ್ಲಿ ಬೆನ್ನು ಹಿಡಿಯುವ ಅವಕಾಶ ಒಂದು ಸಂಜೆಗೆ ಒಮ್ಮೆಯೋ ಎರಡು ಬಾರಿಯೋ ಸಿಗಬಹುದು. ಇಲ್ಲಿ ಅದು ಪ್ರತಿ ನಿಮಿಷವೂ ಸಿಗುತ್ತದೆ.

ಹಂತ 10: ಗುದ್ದು, ಬೆವರು ಮತ್ತು ಕೇಜ್

ಗ್ಲೌಸ್ ತೊಟ್ಟು, ಮೊದಲು ತೆರೆದ ಅಂಗೈಯಿಂದ ಮುಖವನ್ನು ಮೆಲ್ಲಗೆ ತಟ್ಟುವಷ್ಟಕ್ಕೆ ಅವಕಾಶ ಕೊಡಿ. ನೀವು ಪಟ್ಟು ಹೊಂದಿಸುವಾಗ ಜೊತೆಗಾರ ಎರಡು ಮೂರು ಬಾರಿ ಸಲೀಸಾಗಿ ಮುಖ ತಟ್ಟಿದರೆ ಆ ಪ್ರಯತ್ನವನ್ನು ವಿಫಲವೆಂದೇ ಎಣಿಸಿ ಮೊದಲಿನಿಂದ ಆರಂಭಿಸಿ. ಗಾರ್ಡ್‌ನಲ್ಲಿ ತೋಳು ಚಾಚಿಕೊಂಡು ಮಲಗುವ, ಬರಿಯ ಗ್ರ್ಯಾಪ್ಲಿಂಗ್‌ನಲ್ಲಿ ನಡೆದುಹೋಗುವ ಅಭ್ಯಾಸಗಳೆಲ್ಲ ಇಲ್ಲಿ ಬಯಲಾಗುತ್ತವೆ.

ಪಂದ್ಯದ ಕಣವಾದ ಕೇಜ್‌ನ ಬೇಲಿಗೆ ಒತ್ತಿಕೊಂಡು ಕೆಳಗೆ ಸಿಕ್ಕಿಬಿದ್ದರೆ ಸೊಂಟ ಸರಿಸಲು ಜಾಗವಿರುವುದಿಲ್ಲ, ಟ್ರಯಾಂಗಲ್‌ನ ಕೋನ ಸಿಗುವುದಿಲ್ಲ. ಅಲ್ಲಿ ಪಟ್ಟು ಹುಡುಕದೆ ಬೇಲಿಗೆ ಬೆನ್ನು ಕೊಟ್ಟು ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡಿ. ಬೇಲಿಯನ್ನು ಬೆರಳಿನಿಂದ ಹಿಡಿಯುವುದು ಫೌಲ್. ಐದು ನಿಮಿಷದ ಸುತ್ತಿನ ಕೊನೆಯಲ್ಲಿ ಮೈ ಬೆವರಿನಿಂದ ಜಾರುವಾಗ ಎದುರಾಳಿಯ ಕೈ ಹಿಡಿಯುವ ಆರ್ಮ್‌ಬಾರ್‌ಗಿಂತ ಮೈಯನ್ನೇ ಅಪ್ಪಿಕೊಳ್ಳುವ ಆರ್ಮ್ ಟ್ರಯಾಂಗಲ್‌ನಂಥ ಪಟ್ಟು ಹೆಚ್ಚು ಉಳಿಯುತ್ತದೆ. ಹಾಗಾಗಿ ಅಭ್ಯಾಸದ ಕೊನೆಯ ಸುತ್ತುಗಳನ್ನೂ ರ‍್ಯಾಶ್‌ಗಾರ್ಡ್ ಇಲ್ಲದೆ ಆಡಿ ನೋಡಬೇಕು.

ಹೀಲ್ ಹುಕ್ ಏಕೆ ಕೊನೆಗೆ

ಹಿಮ್ಮಡಿಯನ್ನು ಹಿಡಿದು ತಿರುಚುವ ಹೀಲ್ ಹುಕ್‌ನಲ್ಲಿ ಹಾನಿಯಾಗುವುದು ಮಂಡಿಯ ಲಿಗಮೆಂಟ್‌ಗಳಿಗೆ, ಅದೂ ನೋವು ಎಚ್ಚರಿಸುವ ಮೊದಲೇ. ಬ್ರೆಜಿಲಿಯನ್ ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಒಕ್ಕೂಟವಾದ ಐಬಿಜೆಜೆಎಫ್‌ನ ನೋ-ಗಿ (‘ಗಿ’ ಎಂಬ ದಪ್ಪ ಉಡುಪು ತೊಡದ) ಸ್ಪರ್ಧೆಗಳಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2021ರಲ್ಲಿ, ಅದೂ ವಯಸ್ಕರ ಕಂದು ಮತ್ತು ಕಪ್ಪು ಬೆಲ್ಟ್ ವಿಭಾಗಗಳಿಗೆ ಮಾತ್ರ. ಎಂಎಂಎಯಲ್ಲಿ ಇದಕ್ಕೆ ಅವಕಾಶವಿದೆ. ಆದ್ದರಿಂದ ಇದರಿಂದ ಪಾರಾಗುವುದನ್ನು ಮೊದಲು ಕಲಿಯಿರಿ, ಹಾಕುವುದನ್ನು ಮೇಲಿನ ಹಂತಗಳೆಲ್ಲ ಕೈಗೆ ಬಂದ ಮೇಲೆ. ಹಿಮ್ಮಡಿ ಸಿಕ್ಕಿತೆಂದು ಅನಿಸಿದಾಗಲೇ ಟ್ಯಾಪ್ ಮಾಡಿ, ನೋವಿಗೆ ಕಾಯಬೇಡಿ. ತಿರುವಿಗೆ ವಿರುದ್ಧವಾಗಿ ಗಾಬರಿಯಿಂದ ಹೊರಳುವುದೇ ಬಹಳ ಸಲ ಮಂಡಿಯನ್ನು ಹಾಳುಮಾಡುತ್ತದೆ.

ಅಭ್ಯಾಸ ನಿಲ್ಲಿಸಬೇಕಾದ ಸೂಚನೆಗಳು

ಚೋಕ್‌ನಿಂದ ಪ್ರಜ್ಞೆ ತಪ್ಪಿದವರನ್ನು ತಕ್ಷಣ ಬಿಟ್ಟು ಬೆನ್ನ ಮೇಲೆ ಮಲಗಿಸಿ, ಉಸಿರಾಟ ನೋಡಿ. ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಎಚ್ಚರವಾಗುತ್ತದೆ. ಎಚ್ಚರವಾಗದಿದ್ದರೆ ಅಥವಾ ಉಸಿರಾಟ ಸರಿಯಿಲ್ಲದಿದ್ದರೆ ತುರ್ತು ನೆರವು ಕರೆಯಬೇಕು. ಎದ್ದವರು ‘ನನಗೇನೂ ಆಗಿಲ್ಲ’ ಎಂದರೂ ಆ ದಿನದ ಸ್ಪಾರಿಂಗ್ ಅಲ್ಲಿಗೇ ಮುಗಿಯಿತು.

ಚೋಕ್ ಅಭ್ಯಾಸದ ನಂತರ, ಕೆಲವು ದಿನ ಕಳೆದ ಮೇಲೂ, ಕುತ್ತಿಗೆಯ ಒಂದೇ ಬದಿಯಲ್ಲಿ ನೋವು, ಹಿಂದೆಂದೂ ಇಲ್ಲದಂಥ ತಲೆನೋವು, ದೃಷ್ಟಿ ಮಂಜಾಗುವುದು, ಮಾತು ತೊದಲುವುದು, ಮೈಯ ಒಂದು ಬದಿ ಬಲಗುಂದುವುದು ಕಂಡರೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿರುವ ಸಾಧ್ಯತೆ ಇರುತ್ತದೆ. ಅದು ಪಾರ್ಶ್ವವಾಯುವಿಗೆ ತಿರುಗಬಲ್ಲದು. ಮಾಲೀಶು, ನೋವಿನ ಮಾತ್ರೆ ಎಂದು ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಕುತ್ತಿಗೆ ಒತ್ತಿಸಿಕೊಂಡ ವಿಷಯವನ್ನು ವೈದ್ಯರಿಗೆ ಹೇಳಿ.

ಕೀಲಿನಲ್ಲಿ ‘ಟಕ್’ ಎಂಬ ಶಬ್ದದ ನಂತರ ಊತ ಬಂದರೆ, ಮಂಡಿ ಅಲುಗಾಡಿದಂತೆ ಅನಿಸಿದರೆ, ಬೆರಳುಗಳು ಜೋಮು ಹಿಡಿದು ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಕಿವಿಯ ಹಾಲೆ ಮೆತ್ತಗೆ ಊದಿಕೊಂಡರೆ ಒಳಗೆ ರಕ್ತ ಸೇರಿದೆ ಎಂದರ್ಥ. ಗಟ್ಟಿಯಾಗುವ ಮೊದಲು, ಒಂದೆರಡು ದಿನಗಳೊಳಗೆ ವೈದ್ಯರಿಂದ ಅದನ್ನು ತೆಗೆಸಿಕೊಳ್ಳಿ. ಅದು ವಾಸಿಯಾಗುವವರೆಗೆ ಕಿವಿ ಉಜ್ಜುವ ಯಾವ ಅಭ್ಯಾಸವೂ ಬೇಡ. ಆಮೇಲೆ ಮ್ಯಾಟ್‌ಗೆ ಮರಳುವಾಗ ಕಿವಿರಕ್ಷಕ ತೊಟ್ಟುಕೊಳ್ಳಿ.